ಎರೆಗೆ ಹದ

ಮೂವತ್ತೊಂದು ವರ್ಷ ಭೋಸರಿಯ ಕಾರ್ಖಾನೆಯಲ್ಲಿ
ಉಕ್ಕಿಗೆ ಹದ ಕೊಟ್ಟವನು ನಾನು.
ಕುಲುಮೆಯ ಬಾಗಿಲು ತೆರೆದರೆ ಬಣ್ಣ ನೋಡಿಯೇ ಹೇಳುತ್ತಿದ್ದೆ:
ಇನ್ನೊಂದು ನಿಮಿಷ. ಹೂಂ, ಈಗ ಎಣ್ಣೆಗೆ ಅದ್ದು.
ಮೀಟರು ಆಮೇಲೆ ಹೌದೆನ್ನುತ್ತಿತ್ತು.

ಈ ಮಣ್ಣು ಮಾತ್ರ ನನ್ನ ಮಾತು ಕೇಳಲಿಲ್ಲ.

ಚಿಂಚವಾಡದಲ್ಲಿ ನಮ್ಮ ಚಾಳಿನ ಹಿಂದೆ
ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ,
ಪಕ್ಕದ ಕಟ್ಟಡಕ್ಕೆ ಪಾಯ ತೋಡುವಾಗ
ಎತ್ತಿ ಒಗೆದ ಕರಿ ಎರೆ.
ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ,
ಒಂದಲ್ಲ, ಎರಡೂ.
ಏಪ್ರಿಲ್ಲಿಗೆ ಬಾಯಿ ಬಿಡುತ್ತದೆ.
ಮೊಮ್ಮಗಳ ನೀಲಿ ಗೋಲಿ ಆ ಬಿರುಕಿಗೆ ಬಿದ್ದದ್ದು
ಹೊರಗೆ ಬರಲಿಲ್ಲ.

ಮೊದಲ ವರ್ಷ ಹನ್ನೆರಡು ಮೆಣಸಿನ ಸಸಿ.
ಜುಲೈ ಮುಗಿಯುವುದರೊಳಗೆ ಎಲೆ ಹಳದಿ, ತಲೆ ಕೆಳಗೆ.
ಕಿತ್ತು ನೋಡಿದೆ: ತೋಡಿದ ಕುಣಿಯ ಗೋಡೆ ದಾಟಲಾರದೆ
ಬೇರು ಅಲ್ಲೇ ಸುತ್ತಿ ಸುತ್ತಿ ನಿಂತಿದೆ,
ಊರಿಂದ ಬಂದ ಮೊದಲ ತಿಂಗಳು ಖೋಲಿ ಸಿಗದೆ
ಒಂದೇ ಓಣಿಯಲ್ಲಿ ನಾನು ತಿರುಗಿದ ಹಾಗೆ.

ಎರಡನೆಯ ವರ್ಷ ಜಾಣನಾದೆ.
ಗವಂಡಿಯಿಂದ ಎಂಟು ಬುಟ್ಟಿ ಮರಳು ತಂದು ಕಲಸಿದೆ.
ಬಿಸಿಲು ಬಿತ್ತು. ಗುದ್ದಲಿ ಠಣ್ ಎಂದಿತು.
ಆಚೆ ಮನೆಯ ಇಂದೂಮತಿ ಗಾಯಕವಾಡ
ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿ
"ಇಟ್ಟಂಗಿ ಭಟ್ಟಿ ಹಾಕಿದಿರೇನು, ಭಾವೂ?" ಎಂದಳು.
ನೀಲಗಂಗಾ ನಕ್ಕಳು. ನಾಲ್ಕು ದಿನ ನಕ್ಕಳು.

ಕಡೆಗೆ ಕಲಿಸಿದ್ದು ನಾಕಾದ ಕಬ್ಬಿನ ಹಾಲಿನ ಗಾಣ,
ಅದರ ಹಿಂದಿನ ಮೂಲೆ.
ಹಿಂಡಿದ ಸಿಪ್ಪೆಯನ್ನು ಮಂಗೇಶ ವರ್ಷಗಟ್ಟಲೆ ಒಗೆದಲ್ಲಿ
ಕಾಲಿಂದ ಕೆದರಿದೆ, ಸುಮ್ಮನೆ.
ಅದೇ ಎರೆ. ಇದೇ ಕರಿ ಎರೆ.
ಆದರೆ ಹಿಡಿದರೆ ಬೆರಳ ಸಂದಿಯಿಂದ ಉದುರುತ್ತಿತ್ತು
ಹುರಿದ ರವೆಯಂತೆ.
ಎರೆಹುಳು ಎಂಬ ಹೆಸರೇ ಹೇಳುತ್ತಿತ್ತಲ್ಲ,
ಎರೆ ಯಾರ ಮನೆಯೆಂದು.

ಚೀಲ ಹೊತ್ತೆ. ಸಿಪ್ಪೆ, ಮತ್ತೆ ಸಿಪ್ಪೆ,
ಪವನೆಯ ದಂಡೆಯ ಗೌಳಿಯಿಂದ ಕಳಿತ ಗೊಬ್ಬರ,
ದಸರೆ ಮುಗಿದ ಮೇಲೆ ಇಡೀ ಚಾಳಿನ ಬಾಗಿಲುಗಳ
ಬಾಡಿದ ಚೆಂಡುಹೂವು, ದಾರ ಬಿಚ್ಚಿ.
ಅಮೃತತುಲ್ಯದವನ ಚಹಾದ ಚರಟವನ್ನು
ಸಕ್ಕರೆ ತೊಳೆಯದೆ ಸುರಿದ ದಿನ
ಊರಿನ ಇರುವೆಗಳೆಲ್ಲ ನಮ್ಮ ಅತಿಥಿಗಳು.
ಮಡಿಯನ್ನು ಒಂದು ಗೇಣು ಎತ್ತರಿಸಿದೆ, ನೀರು ಇಳಿಯಲೆಂದು.
ಒದ್ದೆಯಿದ್ದಾಗ ಅದರ ಮೇಲೆ ಕಾಲಿಡದಿರಲು
ಕಾಲಿಗೆ ಕಲಿಸಿದೆ. ಅದೇ ಎಲ್ಲಕ್ಕಿಂತ ಕಷ್ಟ.

ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಒತ್ತು.
ಹೆಬ್ಬೆರಳಿಂದ ತಟ್ಟು.
ಅಂಟಿಕೊಂಡೇ ಉಳಿದರೆ ಇವತ್ತು ಬೇಡ, ಒಳಗೆ ಹೋಗಿ ಚಹಾ ಕುಡಿ.
ಬಿರಿದು ಬಿದ್ದರೆ ಗುದ್ದಲಿ ತೆಗೆದುಕೊ.
"ಹದ ಬಂದಾಗ ಹರಗು" ಎನ್ನುತ್ತಿದ್ದ ಇಂಡಿಯ ಹೊಲದಲ್ಲಿ ಅಪ್ಪ.
ಆ ಮಾತನ್ನು ನಾನು ಕಾರ್ಖಾನೆಗೆ ಒಯ್ದು
ಉಕ್ಕಿನ ಮಾತೆಂದೇ ತಿಳಿದುಬಿಟ್ಟಿದ್ದೆ.
ಬರೀ ಗಟ್ಟಿಯಿದ್ದದ್ದು ಸೀಳುತ್ತದೆ ಕಣ್ರೋ, ಎಂದು
ಹೊಸ ಹುಡುಗರಿಗೆ ಹೇಳಿ ಹೇಳಿ ಬಾಯಿ ಒಣಗಿತ್ತು.
ನನಗೆ ನಾನು ಹೇಳಿಕೊಂಡಿರಲಿಲ್ಲ.

ಉಕ್ಕಿಗೆ ನಿಮಿಷ. ಇದಕ್ಕೆ ಮೂರು ಮಳೆಗಾಲ.

ಈ ಸಲ ಇಂದೂಮತಿ ಕೊಟ್ಟ ಲವಂಗಿ ಬೀಜ.
ಕಿರುಬೆರಳಿಗಿಂತ ಸಣ್ಣ ಕಾಯಿ, ಆಕಾಶಕ್ಕೆ ಮೊನೆ ಮಾಡಿ,
ಒಂದು ಗಿಡಕ್ಕೆ ಎಷ್ಟೆಂದು
ಎಣಿಸುತ್ತಾ ನೀಲಗಂಗಾ ಎಂಬತ್ತರ ಹತ್ತಿರ ತಪ್ಪಿದಳು,
ಮತ್ತೆ ಮೊದಲಿಂದ.
ಠೇಚಾ ಆಗಬೇಕೆಂದು ಅವಳು ಒರಳು ತಂದಳು,
ಹಣ್ಣಾಗಲಿ, ರಂಜಕ ಕುಟ್ಟೋಣ ಎಂದು ಇವಳು.
ಒಂದು ಕಚ್ಚಿ ನೋಡಿ ನಾನು
ಯಾರ ಪರವೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಮೊನ್ನೆ ಬದಿಯ ಮಣ್ಣು ಸಡಿಲಿಸುವಾಗ
ಗುದ್ದಲಿಯ ತುದಿಗೆ ಏನೋ ಮಿನುಗಿತು: ಗೋಲಿ.
ತೊಳೆದೆ. ಹಸಿರು.
ಯಾರದೋ.
ನಮ್ಮದು ನೀಲಿ. ಅದು ಇನ್ನೂ ಒಳಗಿದೆ.