ಹೆಜ್ಜೆ ಲೆಕ್ಕ

ರೂಮು ಹಿಡಿಯುವ ಮುಂಚೆ ಮೂರು ಸಲ ಫೋನು ಮಾಡಿದಳು.
ಮೊದಲನೇ ಸಲ ಬಾಡಿಗೆ.
ಎರಡು ಮಂಚದ ಕೋಣೆ, ಅರವತ್ತೆಂಟು ಯೂರೋ, ಅಂದೆ.
ತಿಂಡಿ? ಇಲ್ಲ.
ಲಿಫ್ಟು? ಇದೆ. ಆದರೆ ಪೆಟ್ಟಿಗೆ ಹತ್ತಿದರೆ ನೀವು ಹತ್ತಲಾರಿರಿ,
ನೀವು ಹತ್ತಿದರೆ ಪೆಟ್ಟಿಗೆ.
ಅತ್ತ ಕಡೆ ಪೆನ್ಸಿಲ್ಲು ಗೀಚುವ ಸದ್ದು.

ಜಿನೋವಾದಲ್ಲಿ ನನ್ನದು ರಾತ್ರಿ ಪಾಳಿ.
ರೈಲು ನಿಲ್ದಾಣದ ಪಕ್ಕ, ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತ
ನಾಲ್ಕಂತಸ್ತಿನ ಹೋಟೆಲು. ಎರಡು ನಕ್ಷತ್ರ;
ಅದರಲ್ಲೊಂದರ ಬಲ್ಬು ಹೋಗಿದೆ.
ಇಲ್ಲಿಗೆ ಯಾರೂ ಈ ಊರಿಗೆಂದು ಬರುವುದಿಲ್ಲ,
ನಾಳೆಯ ಹಡಗಿಗೆ ಬರುತ್ತಾರೆ.
ಊರೆಂದರೆ ಅವರಿಗೆ ಒಂದು ರಾತ್ರಿಯ ದಿಂಬು,
ರೈಲಿಗೂ ನೀರಿಗೂ ನಡುವೆ ಹಾಕಿದ ಮಣೆ.

ಎರಡನೇ ಸಲ ಗದ್ದಲದ ಬಗ್ಗೆ.
ಸುಳ್ಳು ಹೇಳಬಹುದಿತ್ತು, ಮಾಲೀಕರು ಹೇಳೆನ್ನುತ್ತಾರೆ.
ಮುಂದಿನ ಕೋಣೆಗೆ ಸಮುದ್ರ ಕಾಣುತ್ತದೆ,
ಜೊತೆಗೆ ಮೇಲ್ಸೇತುವೆಯ ಲಾರಿಗಳೂ;
ಹಿಂದಿನದಕ್ಕೆ ಪಕ್ಕದ ಮನೆಯ ಒಗೆದ ಬಟ್ಟೆ, ಮತ್ತು ನಿದ್ದೆ.
"ನಾದಿನಿಗೆ ಸಮುದ್ರ ಬೇಕಂತೆ," ಎಂದಳು,
"ಏಳು ದಿನ ಅದನ್ನೇ ನೋಡುವುದಿದೆಯಲ್ಲ. ಹಿಂದಿನದೇ ಇರಲಿ."

ವಿಮಾನ ನಿಲ್ದಾಣದ ಬಳಿಯದು ಅಗ್ಗ,
ಉಳಿದದ್ದೆಲ್ಲ ಟ್ಯಾಕ್ಸಿಯವನ ಜೇಬಿಗೆ.
ಹಳೇ ಧಕ್ಕೆಯ ಎದುರಿನದು ಚೆಂದ,
ಒಂದು ರಾತ್ರಿಗೆ ಅವಳ ಒಂದು ವಾರದ ಪಿಂಚಣಿ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ;
ಹಾಸಿಗೆ ಎಲ್ಲಿರಬೇಕು ಅಂತ
ಗಾದೆ ಹೇಳುವುದಿಲ್ಲ.

ಮೂರನೇ ಸಲ: ಬಂದರಿಗೆ ಎಷ್ಟು ದೂರ?
ಹತ್ತಿರವೇ, ಅಂದೆ.
"ಹತ್ತಿರ ಅಂದರೆ?"
ಮೊಂದೊವಿ ಎಂಬ ಗುಡ್ಡದೂರಿನ ಅಂಚೆ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಪಾರ್ಸಲು ತೂಗಿದವಳು;
ಹತ್ತಿರ ಎಂಬ ತೂಕದ ಬಟ್ಟು ಅವಳ ಬಳಿ ಇರಲಿಲ್ಲ.
"ಎಷ್ಟು ಹೆಜ್ಜೆ, ಅದು ಹೇಳಿ."

ಬೆಳಿಗ್ಗೆ ಪಾಳಿ ಮುಗಿಸಿ,
ಯಾರೋ ಮರೆತುಹೋದ ಪೆಟ್ಟಿಗೆಯೊಳಗೆ
ಹಳೇ ಟೆಲಿಫೋನ್ ಡೈರೆಕ್ಟರಿಗಳನ್ನು ತುಂಬಿ ಎಳೆದುಕೊಂಡು ಹೊರಟೆ.
ಹತ್ತೊಂಬತ್ತು ವರ್ಷ ಕೈ ಚಾಚಿ ತೋರಿಸಿದ ದಾರಿ,
ಎಣಿಸಿದ್ದು ಅಂದೇ.
ಮುನ್ನೂರಕ್ಕೆ ಫೊಕಾಚಾ ಸುಡುವ ಅಂಗಡಿ, ಎಣ್ಣೆ ಉಪ್ಪಿನ ಬಿಸಿ ವಾಸನೆ.
ಐನೂರ ನಲವತ್ತರಲ್ಲಿ ಕಲ್ಲುಹಾಸು ಚಕ್ರ ಕಚ್ಚಿತು.
ಎಂಟುನೂರರ ಆಸುಪಾಸು ಹಸಿಂತೋ, ಎಕ್ವಡಾರಿನವನು, ಕೊಡೆ ಮಾರುವವನು,
ಮಗಳ ಪರೀಕ್ಷೆಯ ವಿಷಯ ತೆಗೆದು ಲೆಕ್ಕ ತಪ್ಪಿಸಿದ;
ಹಿಂದಕ್ಕೆ ಹೋಗಿ ಫೊಕಾಚಾದಿಂದ ಮತ್ತೆ ಎಣಿಸಿದೆ.
ಒಂದು ಸಾವಿರದ ನೂರ ನಲವತ್ತು.
ಅಲ್ಲಿಗೆ ಕಟ್ಟೆ. ಅಲ್ಲಿಗೆ ನೀರು.
ಹಡಗು ನಿಂತಿತ್ತು,
ನಮ್ಮ ಬೀದಿಯನ್ನೇ ತೊಳೆದು ತೇಲಿಬಿಟ್ಟ ಹಾಗೆ, ಅಷ್ಟೂ ಕಿಟಕಿ.

ಶುಕ್ರವಾರ ಸಂಜೆ ಬಂದರು,
ಬಂದರಿಗೆ ಹೋಗುವವರು.
ಎರ್ಮೀನಿಯಾ, ಕತ್ತಿನ ತನಕ ಗುಂಡಿ ಹಾಕಿದ ಮಳೆಯಂಗಿ.
ನಾದಿನಿ ರೊಸೆಟ್ಟಾ, ಮುನಿಸು, ಟೋಪಿಯ ಎರಡು ಡಬ್ಬ.
ಕಿಟಕಿ ತೆರೆದು, ಹಗ್ಗದ ಮೇಲಿನ ಯಾರದೋ ಪೈಜಾಮ ನೋಡಿ
"ಇದೇನಾ ಸಮುದ್ರ?" ಅಂದದ್ದು
ಕೆಳಗೆ ನನ್ನ ಮೇಜಿನ ತನಕ ಕೇಳಿಸಿತು.

ರಾತ್ರಿ ಎರಡಕ್ಕೆ ಎರ್ಮೀನಿಯಾ ಮೆಟ್ಟಿಲಿಳಿದು ಬಂದಳು.
ನಿದ್ದೆ ಬರಲಿಲ್ಲವೇ?
"ಸದ್ದೇ ಇಲ್ಲವಲ್ಲ," ಅಂದಳು, ದೂರು ಕೊಡುವವಳಂತೆ.
ಮುಂದಿನ ಖಾಲಿ ಕೋಣೆಯ ಬೀಗದ ಕೈ ಕೊಟ್ಟೆ.
ಪುಸ್ತಕದಲ್ಲಿ ಬರೆಯಲಿಲ್ಲ.
ಮುಕ್ಕಾಲು ಗಂಟೆ. ದೀಪಸ್ತಂಭದ ಬೆಳಕು
ಎಷ್ಟು ಸುತ್ತು ಬಂತೆಂದು ಅವಳಿಗೆ ಗೊತ್ತಿರಬೇಕು.
ಕೀಲಿ ಮೇಜಿನ ಮೇಲಿಟ್ಟು,
"ನಾದಿನಿಗೆ ಹೇಳಬೇಡಿ," ಅಂದಳು.

ಹನ್ನೊಂದನೇ ದಿನ ಪಲೆರ್ಮೋದಿಂದ ಒಂದು ಕಾರ್ಡು.
ಅಂಚೆಚೀಟಿ ಗೆರೆ ಎಳೆದು ಅಂಟಿಸಿದಷ್ಟು ನೇರ.
ಕ್ಷೇಮ ಇಲ್ಲ, ಹವೆ ಇಲ್ಲ, ಸಹಿ ಇಲ್ಲ.
"೧೩೧೨. ನನ್ನ ಕಾಲು ಗಿಡ್ಡ."

ಈಗ ಯಾರಾದರೂ ಬಂದರು ಎಷ್ಟು ದೂರ ಅಂದರೆ
ಮೊದಲು ನಾನು ಕೇಳುತ್ತೇನೆ,
ನೀವು ಎಷ್ಟು ಎತ್ತರ?
ಕೆಲವರು ಫೋನು ಇಟ್ಟುಬಿಡುತ್ತಾರೆ.
ಇಡಲಿ.