ಜಾರಿ

ಬ್ರಿಸ್ಟಲ್ ಊರಿನ ದೊಡ್ಡ ಬೀದಿಯ ನಟ್ಟನಡುವೆ
ಹಿತ್ತಾಳೆ ಬಿಲ್ಲೆಗಳನ್ನು ಹೂತಿದ್ದಾರೆ.
ಈಚೆ ಟೆನೆಸಿ, ಆಚೆ ವರ್ಜೀನಿಯಾ.
ನಾಯಿಗಳಿಗೆ ಗೊತ್ತಿಲ್ಲ.
ಡೆಲ್ಬರ್ಟ್ ಹೆನ್ಸ್ಲಿಗೆ ಗೊತ್ತು.

ಬ್ಯಾಂಜೋ ಮಾಡುವವನು. ಆಚೆ ಬದಿ ಅಂಗಡಿ,
ಅಂಗಡಿಯ ಮೇಲೇ ಮಂಚ.
ನಾಕ್ಸ್‌ವಿಲ್ಲಿನ ವಿಧವೆಯೊಬ್ಬಳು ಅಲ್ಲಿಗೇ ಹೋಗಿ ಕೊಂಡಳು,
ದುಡ್ಡು ಎಣಿಸಿದ್ದೂ ಅಲ್ಲೇ.
ಮನೆ ಸೇರಿದ ಮೂರನೇ ವಾರ ಬ್ಯಾಂಜೋದ ಕತ್ತು ಸೀಳಿತು.
ದಾವೆ ಹೂಡಿದ್ದು ಮಾತ್ರ ತನ್ನ ಕಡೆಯ ಕೋರ್ಟಿನಲ್ಲಿ.

"ಕಾನೂನಿನ ಕೈ ಉದ್ದ, ನದೀನ್," ಅಂದರು ವಕೀಲರು,
"ಆದರೆ ಆ ಬಿಲ್ಲೆಗಳ ಹತ್ತಿರ ಮೊಣಕೈ ಮಡಚಿಕೊಳ್ಳುತ್ತದೆ.
ಅವನು ನಮ್ಮಲ್ಲಿ ಏನೂ ಮಾಡಿಲ್ಲ, ಏನೂ ಮಾರಿಲ್ಲ.
ತಾನಾಗಿ ಈಚೆ ಕಾಲಿಟ್ಟರೆ ಕೈಗೆ ಕೊಡು, ಸಾಕು.
ಕರೆಯಬೇಡ, ಆಸೆ ತೋರಿಸಬೇಡ.
ಮೋಸದಿಂದ ದಾಟಿಸಿದರೆ ಸಮನ್ಸು ಬರೀ ಕಾಗದ."

ಹನ್ನೊಂದು ತಿಂಗಳು.
ಎರಡು ಸಲ ಕಾಗದ ಹಳತಾಗಿ ಹೊಸದು ಬಂತು.
ಅವನ ಕ್ಷೌರದಂಗಡಿ ಈಚೆ ಬದಿಗಿತ್ತು.
ಲಿಂಡಲ್ ಕಿಟಕಿಯೊಳಗಿಂದ ಕತ್ತರಿ ಎತ್ತಿ ತೋರಿಸುವನು,
ಇವನು ಆಚೆಯಿಂದ ತಲೆಯಾಡಿಸುವನು.
ಕೂದಲು ಕಿವಿ ಮುಚ್ಚಿತು, ಕಾಲರ್ ಮುಟ್ಟಿತು,
ಹೆಗಲಿಗಿಳಿಯಿತು.
ದಿನಾ ಬೆಳಗ್ಗೆ ನನ್ನ ನೋಡಿ ಟೋಪಿ ಎತ್ತುತ್ತಿದ್ದ,
ನಾನು ಫ್ಲಾಸ್ಕು ಎತ್ತುತ್ತಿದ್ದೆ.

ಫೆಬ್ರವರಿ. ರಾತ್ರಿಯ ಮಳೆ ಗಾಜಾಗಿತ್ತು.
ಲಿಂಡಲ್‌ನ ಅಂಗಡಿಯ ಮುಂದೆ ಜಾರಿ ಬಿದ್ದೆ,
ಅರವತ್ತಮೂರರ ಮೊಣಕಾಲು, ಇನ್ನೇನು.
ಅವನು ಓಡಿ ಬಂದ.
ಬಿಲ್ಲೆ ದಾಟುವಾಗ ಒಂದು ಗಳಿಗೆ ತಡೆದಿದ್ದರೆ
ನನಗೆ ಸುಲಭವಾಗುತ್ತಿತ್ತು. ತಡೆಯಲಿಲ್ಲ.
ಕಂಕುಳಿಗೆ ಕೈಕೊಟ್ಟು ಎತ್ತಿದ,
ಮೈಯೆಲ್ಲ ವಾರ್ನಿಷ್ ವಾಸನೆ.
"ಮೂಳೆ ನೆಟ್ಟಗಿದೆಯಾ?"

ನನ್ನ ಕೈ ಆಗಲೇ ಕೋಟಿನೊಳಗಿತ್ತು.
"ಡೆಲ್ಬರ್ಟ್ ಹೆನ್ಸ್ಲಿ ಅಂದರೆ ನೀವೇ ತಾನೇ?"
ಹನ್ನೊಂದು ತಿಂಗಳ ಮೇಲೆ ಕೇಳಿದೆ. ಕೇಳಲೇಬೇಕು.

ತನ್ನ ಬೂಟು ನೋಡಿಕೊಂಡ.
ಹಿಂದೆ ಬಿಟ್ಟುಬಂದ ಹಿತ್ತಾಳೆ ನೋಡಿದ.
"ಹೌದು, ಮೇಡಂ."
ಕಾಗದ ಮಡಚಿ ಅಂಗಿಯ ಜೇಬಿಗೆ, ಪೆನ್ಸಿಲಿನ ಪಕ್ಕಕ್ಕೆ ಸೇರಿಸಿದ.
ನಾನು ನೆಟ್ಟಗೆ ನಿಲ್ಲುವವರೆಗೂ ಮೊಣಕೈ ಬಿಡಲಿಲ್ಲ.
ಆಮೇಲೆ ವಾಪಸು ಹೋಗಲಿಲ್ಲ,
"ಇನ್ನೇನಂತೆ," ಎಂದು ಲಿಂಡಲ್‌ನ ಬಾಗಿಲು ತಳ್ಳಿದ.

ಅಫಿಡವಿಟ್ಟು ಕೇಳುತ್ತದೆ: ತಾರೀಖು, ಗಂಟೆ, ಬೀದಿಯ ಯಾವ ಬದಿ.
ಎತ್ತರ, ಬರೆದೆ. ಕೂದಲು: ಬಿಳಿ, ಉದ್ದ.
ಕಿಟಕಿಯತ್ತ ನೋಡಿ 'ಉದ್ದ' ಹೊಡೆದುಹಾಕಿದೆ,
ಆಗ ಉದ್ದವೇ ಇತ್ತಲ್ಲ ಎಂದು ಮತ್ತೆ ಬರೆದೆ.
ಕೊನೆಯಲ್ಲಿ, ಜಾರಿಯಾದ ಬಗೆ.

ಮೊಣಕಾಲು ಬಾತಿದೆ, ಅದು ಸಾಕ್ಷಿ.
ಆದರೂ ಬೀಳುವ ಮುನ್ನ ಒಮ್ಮೆ
ಅವನ ಅಂಗಡಿಯ ಬಾಗಿಲು ತೆರೆದಿದೆಯೇ ಎಂದು
ನೋಡಿದ್ದೆ. ದಿನಾ ನೋಡುವಂತೆಯೇ.

ನೋಟರಿಯ ಹುಡುಗಿ ಮೊಹರು ಹಿಡಿದು ಕೂತಿದ್ದಾಳೆ.
"ಬಲಗೈ ಎತ್ತಿ," ಎನ್ನುತ್ತಾಳೆ.
ಎತ್ತುತ್ತೇನೆ.
ತೋಳಿನ ಮೇಲೆ ವಾರ್ನಿಷ್ ಇನ್ನೂ ಒಣಗಿಲ್ಲ.