ಅಲುಗಾಡಬೇಡಿ

ಮೂವತ್ತೆರಡು ವರ್ಷ ಡೊಂಬಿವಲಿ ಸ್ಟೇಷನ್ನಿನೆದುರು
ಪಾಸ್‌ಪೋರ್ಟ್ ಸೈಜಿನ ಮುಖಗಳ ಗದ್ದ ಎತ್ತಿ
ಹಲೂ ನಕಾ, ಅಂದವನು.
ಅಲುಗಾಡದೆ ಕೂತರು ಎಲ್ಲರೂ,
ಉಸಿರು ಬಿಗಿಹಿಡಿದು.

ಈಗ ಅಂಗಡಿ ಇಲ್ಲ.
ಟೆರೇಸಿನ ಟಾಂಕಿಯಡಿಯ ಹಾವಸೆ ಹೆರೆದು
ಬಾಟಲಿ ಮುಚ್ಚಳದಲ್ಲಿ ನೆನೆಸಿದ್ದೇನೆ.
ಚೋರ್ ಬಜಾರಿನ ಮೈಕ್ರೋಸ್ಕೋಪು, ಅದರ ಕಣ್ಣಿಗೆ
ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಮೊಬೈಲು.

ಬಂತು ನೀರುಕರಡಿ!
ಎಂಟು ಗಿಡ್ಡ ಕಾಲು,
ಕಂಬಳಿ ಸುತ್ತಿದ ಕೂಸಿನ ಹಾಗೆ
ಗಾಜಿನ ಮೇಲೆ ಹಿಡಿತ ಸಿಗದೆ ಎತ್ತಲೋ ಹೊರಟಿದೆ.
ಹಲೂ ನಕಾ, ಸಾಹೇಬ.
ಕರ್ಜತ್ ಫಾಸ್ಟ್ ಹೋಯಿತು; ಮೇಜು ನಡುಗಿ
ಕರಡಿ ಫ್ರೇಮಿನಾಚೆ.

ನಲವತ್ತು ಫೋಟೋ, ಎಲ್ಲ ಮಸುಕು.

ಹನಿ ಆರುತ್ತ ಬಂತು.
ಕಾಲು ಒಳಗೆಳೆದು, ಒಣದ್ರಾಕ್ಷಿಯಂತೆ ಮುರುಟಿ
ತಾನೇ ಸ್ತಬ್ಧ.
ಈಗ ತೆಗೆಯಬಹುದು, ಎಷ್ಟು ಬೇಕಾದರೂ.

ಮೊಬೈಲು ಬಿಚ್ಚಿಟ್ಟೆ.
ಒಂದು ತೊಟ್ಟು ನೀರು ಬಿಟ್ಟು
ಕಾಯುತ್ತ ಕೂತೆ.